ಕೂಸು ಆಡಿಸುವವರು ಯಾರು?

ಮೂವತ್ತೊಂದು ವರ್ಷ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಲ್ಲಿ ಹಾಜರಿ ಕರೆದವನು ನಾನು. ಅಕ್ಕಲಕೋಟ ತಾಲೂಕಿನ ನಾಲ್ಕು ಊರು, ದಕ್ಷಿಣ ಸೊಲ್ಲಾಪುರದ ಒಂದು ಊರು. ಊರು ಬದಲಾದರೂ ಹಾಜರಿ ಪುಸ್ತಕದಾಗಿನ ಒಂದು ಸಂಗತಿ ಬದಲಾಗಲಿಲ್ಲ. ಶ್ರಾವಣದಾಗ ಕಸ ತೆಗೆಯುವ ದಗದ ಸುರುವಾಯಿತು, ಮುಂದೆ ತೊಗರಿ ರಾಶಿ ಬಂತು, ಉಳ್ಳಾಗಡ್ಡಿ ಕೀಳುವ ದಿನ ಬಂತು, ಜ್ವಾಳದ ಸುಗ್ಗಿ ಬಂತು ಅಂದರೆ ಮೂರನೇ, ನಾಲ್ಕನೇ ಇಯತ್ತೆಯ ಹುಡುಗಿಯರ ಹೆಸರಿನ ಮುಂದೆ ಗೈರು, ಗೈರು, ಗೈರು. ಗಂಡುಹುಡುಗರ ಹೆಸರಿನ ಮುಂದೆ ಅಷ್ಟು ಇರುತ್ತಿರಲಿಲ್ಲ.

ಒಂದು ದಿವಸ ಮಧ್ಯಾಹ್ನ ಅಂಥ ಒಬ್ಬ ಹುಡುಗಿಯ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದಳು. ಸೊಂಟದಲ್ಲಿ ಹತ್ತು ತಿಂಗಳ ತಮ್ಮ, ಕಾಲಹತ್ತಿರ ಎರಡು ವರ್ಷದ ತಂಗಿ. "ಯಾಕವಾ, ಶಾಲಿಗೆ ಬರವಲ್ಲಿ?" ಅಂದೆ. "ಅವ್ವ ಉಳ್ಳಾಗಡ್ಡಿ ಕೀಳಾಕ ಹೋಗ್ಯಾಳ್ರಿ ಸರ. ಕೂಸ ಯಾರ ಆಡಸಬೇಕ್ರಿ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ವಾಪಸು ಬಂದು ಮತ್ತೆ ಗೈರು ಅಂತ ಬರೆದೆ. ಅವಳು ಆ ದಿನ ಬೆಳಗಿನಿಂದ ಸಂಜೆತನಕ ದುಡಿದಿದ್ದಳು, ಆದರೆ ನನ್ನ ಪುಸ್ತಕದಾಗ ಅವಳು ಗೈರು.

ನಮ್ಮೂರಲ್ಲಿ ಪಾಳಣಾಘರ ಇಲ್ಲ ಅಂತ ಜನ ಹೇಳುತ್ತಾರೆ. ಸುಳ್ಳು. ಪಾಳಣಾಘರ ಊರೂರಿಗೂ ಇದೆ. ಅದನ್ನು ನಡೆಸುವಾಕೆಗೆ ಎಂಟೋ ಒಂಬತ್ತೋ ವರ್ಷ, ಪಗಾರ ಇಲ್ಲ, ಸೂಟಿ ಇಲ್ಲ, ಕೂಸಿಗೆ ಜ್ವರ ಬಂದರೆ ಬೈಗಳು ಮಾತ್ರ ಅವಳಿಗೆ. ಈ ಪಾಳಣಾಘರ ಮುಚ್ಚಬೇಕು, ಅದರ ಬದಲು ದೊಡ್ಡವರು ನಡೆಸುವ, ಪಗಾರ ಕೊಡುವ, ನಿಯಮ ಇರುವ ಪಾಳಣಾಘರ ತೆರೆಯಬೇಕು ಅನ್ನುವುದೇ ಈ ಬರಹದ ತಕರಾರು. ಈ ಮಾತು ಎತ್ತಿದಾಗಲೆಲ್ಲ ನಾಲ್ಕು ಉತ್ತರ ಕೇಳಿದ್ದೇನೆ. ಒಂದೊಂದಾಗಿ ನೋಡೋಣ.

ಮೊದಲನೇ ಉತ್ತರ: "ಅಂಗಣವಾಡಿ ಐತಲ್ರಿ ಮಾಸ್ತರ." ಐತಿ. 1975ರ ಅಕ್ಟೋಬರ್ 2ರಂದು ಸರಕಾರ ಆ ಯೋಜನೆ ಸುರು ಮಾಡಿತು, ಅದರಿಂದ ಆದ ಉಪಕಾರ ಸಣ್ಣದಲ್ಲ. ಆದರೆ ಅಂಗಣವಾಡಿಯಲ್ಲಿ ಕೂತು ಆಡಿ ಕಲಿಯುವುದು ಮೂರರಿಂದ ಆರು ವರ್ಷದ ಮಕ್ಕಳು, ಅದೂ ದಿನಕ್ಕೆ ಕೆಲವೇ ತಾಸು. ಮೂರು ವರ್ಷದ ಕೆಳಗಿನ ಕೂಸಿಗೆ ಅಲ್ಲಿ ಸಿಗೋದು ತೂಕ, ಚುಚ್ಚುಮದ್ದು, ಮನೆಗೆ ಒಯ್ಯುವ ಆಹಾರದ ಪಾಕೀಟು. ಅವ್ವ ಬೆಳಿಗ್ಗೆ ಒಂಬತ್ತಕ್ಕೆ ಹೊಲಕ್ಕೆ ಹೋಗಿ ಸಂಜೆ ಆರಕ್ಕೆ ಬರುವಾಕೆ. ಅಂಗಣವಾಡಿ ಬಿಟ್ಟಮೇಲೆ ಆ ಮಗುವನ್ನು ಕರೆದುಕೊಂಡು ಬರುವವರು ಯಾರು? ಮತ್ತೆ ಅದೇ ಅಕ್ಕ.

ಈ ಗಂಟು ಬಿಚ್ಚುವ ದಾರಿಯನ್ನು ನಮ್ಮ ಮಹಾರಾಷ್ಟ್ರದಲ್ಲೇ ಒಬ್ಬ ಹೆಣ್ಣುಮಗಳು ಎಂದೋ ತೋರಿಸಿದ್ದಳು. ತಾರಾಬಾಯಿ ಮೋಡಕ್ 1945ರಲ್ಲಿ ಬೋರ್ಡಿಯಲ್ಲಿ ಬಡವರ ಮಕ್ಕಳಿಗಾಗಿ ಬಾಲವಾಡಿ ತೆರೆದರು. ಮಕ್ಕಳು ಬರದಿದ್ದಾಗ ಕೇರಿಯ ಅಂಗಳಕ್ಕೇ ಶಾಲೆ ಒಯ್ದರು. ಅಂಗಣವಾಡಿ ಅನ್ನೋ ಹೆಸರು ಬಂದದ್ದು ಅಲ್ಲಿಂದ. ಮುಂದೆ ಅವರೂ ಅನುತಾಯಿ ವಾಘರೂ ಕೋಸಬಾಡದ ಗುಡ್ಡದಲ್ಲಿ ವಿಕಾಸವಾಡಿ ಕಟ್ಟಿದರು. ಅಲ್ಲಿ ಪಾಳಣಾಘರ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರೂ ಒಂದೇ ಆವಾರದಲ್ಲಿ. ಅಕ್ಕ ಶಾಲೆಗೆ ಬಂದಳೆಂದರೆ ತಮ್ಮನೂ ಬಂದ, ಅವನನ್ನು ನೋಡಿಕೊಳ್ಳಲು ದೊಡ್ಡವರು ಇದ್ದರು. ನಾವು ಆ ಮೂರರಲ್ಲಿ ಎರಡನ್ನು ಇಟ್ಟುಕೊಂಡೆವು, ಒಂದನ್ನು ಕೈಬಿಟ್ಟೆವು. ಕೈಬಿಟ್ಟದ್ದರ ಭಾರವೇ ಇವತ್ತು ಹುಡುಗಿಯರ ಸೊಂಟದ ಮೇಲೆ ಕೂತಿದೆ.

ಎರಡನೇ ಉತ್ತರ: "ಕಾಯಿದೆ ಐತಿ, ಮಾಲಕರು ಮಾಡಬೇಕು." ಕಾಯಿದೆಯೂ ಐತಿ. ಅದು ಹುಟ್ಟಿದ ಕಥೆ ಕೇಳಿರಿ. ನೂರು ವರ್ಷದ ಹಿಂದೆ ಮುಂಬಯಿಯ ಗಿರಣಿಗಳಲ್ಲಿ ದುಡಿಯುವ ತಾಯಂದಿರು ಹಾಲುಗೂಸಿಗೆ ಅಫೀಮಿನ ಗುಳಿಗೆ ನುಂಗಿಸಿ ಮಲಗಿಸಿ ಕೆಲಸಕ್ಕೆ ಹೋಗುತ್ತಿದ್ದರು. ಅದಕ್ಕೆ ಬಾಳಾಗೋಳಿ ಅಂತ ಹೆಸರು. ಆ ತಾಯಂದಿರು ಕೆಟ್ಟವರಾಗಿರಲಿಲ್ಲ, ಕೂಸು ನೋಡುವವರು ಇರಲಿಲ್ಲ ಅಷ್ಟೇ. ಸರಕಾರದ ವರದಿಗಳಲ್ಲಿ ಇದು ದಾಖಲಾಯಿತು. 1934ರ ಕಾರಖಾನೆ ಕಾಯಿದೆಯಲ್ಲಿ ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಕೂಸುಗಳಿಗೆ ಖೋಲಿ ಇಡಬೇಕೆಂದು ಪ್ರಾಂತ ಸರಕಾರ ನಿಯಮ ಮಾಡಬಹುದು ಅಂತ ಬಂತು. 1948ರ ಕಾಯಿದೆಯ 48ನೇ ಕಲಮು ಅದನ್ನು ಕಡ್ಡಾಯ ಮಾಡಿತು. 1976ರಲ್ಲಿ ಐವತ್ತು ಹೋಗಿ ಮೂವತ್ತಾಯಿತು. ಕಟ್ಟಡ ಕಾರ್ಮಿಕರ 1996ರ ಕಾಯಿದೆ ಐವತ್ತಕ್ಕಿಂತ ಹೆಚ್ಚು ಹೆಂಗಸರಿದ್ದರೆ ಅಂದಿತು. 2017ರಲ್ಲಿ ತಿದ್ದಿದ ಹೆರಿಗೆ ಸವಲತ್ತಿನ ಕಾಯಿದೆ, ಗಂಡಸರು ಹೆಂಗಸರು ಸೇರಿ ಐವತ್ತು ನೌಕರರಿದ್ದ ಕಡೆ ಪಾಳಣಾಘರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಕೂಸನ್ನು ನೋಡಿ ಬರಬಹುದು ಅಂದಿತು. 2020ರಲ್ಲಿ ಸಂಸತ್ತು ಪಾಸು ಮಾಡಿದ ಸಾಮಾಜಿಕ ಭದ್ರತೆಯ ಸಂಹಿತೆಯಲ್ಲೂ ಐವತ್ತೇ.

ಈಗ ಸೊಲ್ಲಾಪುರದಿಂದ ಅಕ್ಕಲಕೋಟದ ತನಕ ರಸ್ತೆ ಹಿಡಿದು ಬರ್ರಿ, ಎಣಿಸೋಣ. ಅಕ್ಕಲಕೋಟ ರಸ್ತೆಯ ಎಂಐಡಿಸಿಯಲ್ಲಿ ಟಾವೆಲ್ಲು, ಚಾದರು ಹೊಲಿದು ಗಂಟು ಕಟ್ಟುವ ಸಣ್ಣ ಶೆಡ್ಡು: ಹದಿನೈದು, ಇಪ್ಪತ್ತು ಹೆಂಗಸರು. ಕಾಯಿದೆ ಅಲ್ಲಿ ಒಳಗ ಬರೂದಿಲ್ಲ. ಮುಂದೆ ಕುಂಭಾರಿ. ಅಲ್ಲಿ ಗೋದುತಾಯಿ ಪರುಳೇಕರ ಹೆಸರಿನ ವಸಾಹತಿನಲ್ಲಿ ಬೀಡಿ ಕಟ್ಟುವ ಹೆಂಗಸರು ಹೋರಾಡಿ ಪಡೆದ ಹತ್ತು ಸಾವಿರ ಮನೆಗಳಿವೆ. ದೇಶವೇ ನೋಡಬೇಕಾದ ಕೆಲಸ ಅದು. ಆದರೆ ಬೀಡಿ ಕಟ್ಟೋದು ಮನೆಯಲ್ಲಿ. 1966ರ ಬೀಡಿ ಕಾಯಿದೆ ಪಾಳಣಾಘರವನ್ನು ಕಾರಖಾನೆಯ ಆವಾರಕ್ಕೆ ಕಟ್ಟಿಹಾಕಿತ್ತು. ಹಂಗಾಗಿ ತೊಡೆಯ ಮೇಲೆ ತಂಬಾಕಿನ ಸೂಪು, ಸೂಪಿನ ಬದಿಗೆ ಕೂಸು. ಇನ್ನೂ ಮುಂದೆ ಬಂದರೆ ಹೊಲ. ಒಂದು ಜೀಪಿನಲ್ಲಿ ಹನ್ನೆರಡು, ಹದಿನೈದು ಹೆಂಗಸರು ಒತ್ತಿಕೊಂಡು ಇವತ್ತು ಒಬ್ಬರ ಹೊಲ, ನಾಳೆ ಇನ್ನೊಬ್ಬರ ಹೊಲ. ಮಾಲಕ ಯಾರು? ಅಕ್ಕಲಕೋಟದಲ್ಲಿ ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಭಕ್ತರ ಲಾಡ್ಜುಗಳಲ್ಲಿ ಹಾಸಿಗೆ ಒಗೆಯುವವರು, ಖಾನಾವಳಿಗಳಲ್ಲಿ ಮುಸುರೆ ತಿಕ್ಕುವವರು ಒಂದೊಂದು ಕಡೆ ಇಬ್ಬರು, ಮೂವರು. ಐವತ್ತು ಎಲ್ಲಿ ಆಗಬೇಕು?

ಕಾಯಿದೆ ಒಂದು ಛಾವಣಿಯ ಕೆಳಗೆ ಎಷ್ಟು ನೌಕರರು ಇದ್ದಾರೆ ಅಂತ ಎಣಿಸುತ್ತದೆ. ಒಂದು ಊರಿನಲ್ಲಿ ಎಷ್ಟು ಕೂಸು ಒಂಟಿಯಾಗಿ ಉಳಿದಿವೆ ಅಂತ ಎಣಿಸುವುದಿಲ್ಲ. ನಮ್ಮ ಹೆಂಗಸರು ದುಡಿಯುವ ರೀತಿಗೂ ಈ ಲೆಕ್ಕಕ್ಕೂ ಸಂಬಂಧವೇ ಇಲ್ಲ.

ಮೂರನೇ ಉತ್ತರ: "ಸರಕಾರದ ಯೋಜನಾ ಬಂದಾವು." ಬಂದಾವ. 1972ರ ಬರದಾಗ ಈ ಜಿಲ್ಲೆಯ ಜನ ಖಡಿ ಒಡೆದು ಬದುಕಿದ್ದನ್ನು ಹಿರಿಯರು ಇನ್ನೂ ಹೇಳುತ್ತಾರೆ. ಜಾಲಿಗಿಡಕ್ಕೆ ಸೀರೆ ಕಟ್ಟಿ ಅದರಲ್ಲಿ ಕೂಸು ಮಲಗಿಸಿ ಬಿಸಿಲಲ್ಲಿ ಕಲ್ಲು ಒಡೆದರು. ಆ ಅನುಭವದಿಂದ ಬೆಳೆದ ಮಹಾರಾಷ್ಟ್ರದ ರೋಜಗಾರ ಹಮಿ ಯೋಜನೆಯಲ್ಲಿ ಕೆಲಸದ ಜಾಗದಲ್ಲಿ ನೀರು, ನೆರಳು, ಪಾಳಣಾಘರ ಇರಬೇಕು ಅಂತ ಇತ್ತು. 2005ರ ಉದ್ಯೋಗ ಖಾತ್ರಿ ಕಾಯಿದೆಯಲ್ಲೂ, ಐದು ಅಥವಾ ಹೆಚ್ಚು ಸಣ್ಣ ಮಕ್ಕಳು ತಾಯಂದಿರ ಜೋಡಿ ಬಂದರೆ ಒಬ್ಬ ಹೆಂಗಸನ್ನು ಅವರನ್ನು ನೋಡಿಕೊಳ್ಳಲು ಇಡಬೇಕು, ಅವಳಿಗೂ ಕೂಲಿ ಕೊಡಬೇಕು ಅಂತ ಸ್ಪಷ್ಟ ಬರೆದಿತ್ತು. ನಾನು ಕಂಡ ಕೆಲಸದ ಜಾಗಗಳಲ್ಲಿ ಒಂದು ಕಡೆಯೂ ಅಂಥ ಹೆಂಗಸನ್ನು ನೋಡಲಿಲ್ಲ. ಕೇಳಿದವರೂ ಇರಲಿಲ್ಲ. ನಾನೂ ಕೇಳಲಿಲ್ಲ, ಅದನ್ನೂ ಒಪ್ಪಿಕೊಳ್ಳುತ್ತೇನೆ. 2022ರಲ್ಲಿ ಕೇಂದ್ರ ಸರಕಾರ ಪಾಲನಾ ಅನ್ನೋ ಯೋಜನೆಯಲ್ಲಿ ಅಂಗಣವಾಡಿಗೇ ಪಾಳಣಾಘರ ಜೋಡಿಸುವ ದಾರಿ ಮಾಡಿದೆ. ಗಡಿ ದಾಟಿದರೆ ಅಫಜಲಪುರ, ಆಳಂದ, ಇಂಡಿ. ಆ ಕಡೆಯ ಕರ್ನಾಟಕ ಸರಕಾರ 2023ರಿಂದ ಗ್ರಾಮ ಪಂಚಾಯತಿಗಳಲ್ಲಿ ಕೂಸಿನ ಮನೆ ತೆರೆಯುತ್ತಿದೆ. ಹೆಸರು ಕೇಳಿದರೇ ಯಾವ ಅವ್ವನಿಗೂ ತಿಳಿಯುತ್ತದೆ. ಯೋಜನೆಗಳು ತಾವಾಗಿ ಊರಿಗೆ ನಡೆದು ಬರುವುದಿಲ್ಲ, ಠರಾವು ಮಾಡಿ ಅರ್ಜಿ ಕೊಟ್ಟು ಬೆನ್ನು ಹತ್ತಿದವರ ಊರಿಗೆ ಬರುತ್ತವೆ.

ನಾಲ್ಕನೇ ಉತ್ತರ ಎಲ್ಲಕ್ಕಿಂತ ಜಾಣರದು: "ನಾವ ತಗೀತೇವಿ, ಆದ್ರ ಪರವಾನಗಿ ಬಾಳ ಕಠಿಣ ಐತ್ರಿ." ಇದಂತೂ ಪೂರಾ ಸುಳ್ಳು. ಬೆಳೆಗೆ ಹೊಡೆಯುವ ಔಷಧದ ಅಂಗಡಿ ಇಡಲಿಕ್ಕೆ 1968ರ ಕೀಟನಾಶಕ ಕಾಯಿದೆ ಪ್ರಕಾರ ಲೈಸೆನ್ಸು ಬೇಕು. ಆದರೆ ಹಗಲು ಹೊತ್ತು ಇಪ್ಪತ್ತು ಕೂಸುಗಳನ್ನು ನೋಡಿಕೊಳ್ಳುವ ಮನೆಗೆಂದೇ ದೇಶಕ್ಕೆಲ್ಲ ಒಂದು ಪರವಾನಗಿ ಕಾಯಿದೆ ಇಲ್ಲ. ಬೇಕಾಗುವುದು ಸಾಮಾನ್ಯ ಕಾಗದಗಳು. ಖಾಸಗಿಯಾಗಿ ತೆರೆದರೆ 2017ರ ಮಹಾರಾಷ್ಟ್ರ ಅಂಗಡಿ ಕಾಯಿದೆಯಂತೆ ಕೆಲಸಗಾರರು ಕಡಿಮೆ ಇದ್ದರೆ ಬರೀ ಸೂಚನೆ ಕೊಟ್ಟರೆ ಸಾಕು, ಹೆಚ್ಚಾದರೆ ನೋಂದಣಿ. ಸಂಸ್ಥೆ ಮಾಡಿ ನಡೆಸುವುದಾದರೆ 1860ರ ಸೊಸಾಯಿಟಿ ಕಾಯಿದೆ, 1950ರ ಸಾರ್ವಜನಿಕ ವಿಶ್ವಸ್ಥ ಸಂಸ್ಥೆಗಳ ಕಾಯಿದೆ ಪ್ರಕಾರ ಸೊಲ್ಲಾಪುರದ ಧರ್ಮಾದಾಯ ಕಚೇರಿಯಲ್ಲಿ ನೋಂದಣಿ. ಬಚತಗಟದ ಹೆಂಗಸರು ನಡೆಸುವುದಾದರೆ ಗ್ರಾಮ ಪಂಚಾಯತಿಯ ಠರಾವು, ಜಾಗದ ಲಿಖಿತ ಒಪ್ಪಿಗೆ. ಅಡಿಗೆ ಮಾಡಿ ಬಡಿಸುವುದಿದ್ದರೆ ಅನ್ನ ಮತ್ತು ಔಷಧ ಪ್ರಶಾಸನದ ನೋಂದಣಿ. ರಾತ್ರಿ ಇಟ್ಟುಕೊಳ್ಳುವ ಬಾಲಗೃಹಕ್ಕೆ ಬೇಕಾಗುವ ಬಾಲನ್ಯಾಯ ಕಾಯಿದೆಯ ನೋಂದಣಿಗೂ ಹಗಲಿನ ಪಾಳಣಾಘರಕ್ಕೂ ಗೊಂದಲ ಮಾಡಿಕೊಳ್ಳಬಾರದು.

ಆದರೆ ಶಿಕ್ಷೆಯ ಕಲಮುಗಳು ಎಲ್ಲರಿಗೂ ಹತ್ತುತ್ತವೆ. 2015ರ ಬಾಲನ್ಯಾಯ ಕಾಯಿದೆಯ 75ನೇ ಕಲಮಿನಂತೆ ಮಕ್ಕಳನ್ನು ನೋಡಿಕೊಳ್ಳುವ ಸಂಸ್ಥೆಯವರೇ ಮಗುವಿಗೆ ಕ್ರೌರ್ಯ ಮಾಡಿದರೆ ಐದು ವರ್ಷದ ತನಕ ಸಕ್ತ ಶಿಕ್ಷೆ, ಐದು ಲಕ್ಷ ರೂಪಾಯಿ ತನಕ ದಂಡ. 2012ರ ಪೋಕ್ಸೊ ಕಾಯಿದೆಯಂತೆ ಮಗುವಿನ ಮೇಲೆ ಲೈಂಗಿಕ ಅಪರಾಧ ಆದದ್ದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದೆ ಮುಚ್ಚಿಡುವುದೂ ಅಪರಾಧ. "ಊರ ಮಾತು ಊರಾಗ ಇರಲಿ" ಅನ್ನೋದು ಇಲ್ಲಿ ನಡೆಯುವುದಿಲ್ಲ.

ಕಾಯಿದೆ ಹೆಚ್ಚು ಕೇಳುವುದಿಲ್ಲ ಅಂದಮೇಲೆ ಹೆಂಗಾದರೂ ತೆರೆದರೆ ಆಯಿತೇ? ಇಲ್ಲಿ ನಾನು ಉತ್ಸಾಹಿಗಳ ಜೋಡಿಯೂ ಜಗಳಕ್ಕೆ ನಿಲ್ಲುತ್ತೇನೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಅಡಿಗೆಯ ಬೆಂಕಿ ಛಪ್ಪರಕ್ಕೆ ಹತ್ತಿ 94 ಮಕ್ಕಳು ಸುಟ್ಟು ಸತ್ತರು. 2016ರ ನವೆಂಬರಿನಲ್ಲಿ ನವಿ ಮುಂಬಯಿಯ ಖಾರಘರದ ಪಾಳಣಾಘರವೊಂದರಲ್ಲಿ ಹತ್ತು ತಿಂಗಳ ಕೂಸನ್ನು ನೋಡಿಕೊಳ್ಳುವಾಕೆಯೇ ಹೊಡೆದದ್ದು ಕ್ಯಾಮರಾದಲ್ಲಿ ಸಿಕ್ಕಿತು. ಕೇಳುವವರಿಲ್ಲದ ಕಡೆ ಕೂಸು ಕೂಡುವುದಕ್ಕಿಂತ ಅಕ್ಕನ ಸೊಂಟವೇ ಮೇಲು ಅಂತ ಯಾರಾದರೂ ಅಂದರೆ ನಾನು ಸುಮ್ಮನಿರಬೇಕಾಗುತ್ತದೆ. ಅದಕ್ಕೇ ಸರಕಾರ ಕೇಳದಿದ್ದರೂ ಊರು ಕೇಳಬೇಕು.

ಕೇಳುವುದೇನು? ಕೇಂದ್ರ ಸರಕಾರ 2018ರಲ್ಲಿ ಕೊಟ್ಟ ಕನಿಷ್ಠ ಸೂಚನೆಗಳು ಒಳ್ಳೆಯ ಅಳತೆಗೋಲು. ಅವು ಕಂಪನಿಗಳಿಗೆ ಹೇಳಿದ್ದು, ಆದರೆ ನಮ್ಮ ಕೂಸುಗಳೇನು ಸಣ್ಣ ಅಳತೆಯವಲ್ಲ. ಖೋಲಿ ನೆಲಮಟ್ಟದಲ್ಲಿರಬೇಕು. ಒಂದು ಮಗುವಿಗೆ ಹತ್ತರಿಂದ ಹನ್ನೆರಡು ಚದರ ಅಡಿ ಜಾಗ ಬೇಕು. ಮೂರು ವರ್ಷದ ಕೆಳಗಿನ ಹತ್ತು ಮಕ್ಕಳಿಗೆ ಒಬ್ಬ ತರಬೇತಿ ಆದ ಹೆಂಗಸು, ಜೊತೆಗೆ ಕೈಗೆ ಕೈ ಕೊಡಲು ಒಬ್ಬ ಸಹಾಯಕಿ. ಕೆಲಸಕ್ಕೆ ಇಡುವವರ ಪೊಲೀಸ ಪಡತಾಳಣಿ. ಇದಕ್ಕೆ ನಮ್ಮ ಊರಿನವು ನಾಲ್ಕು ಸೇರಿಸುತ್ತೇನೆ. ನೀರಿನ ಹೌದಿಗೆ, ಟಾಕಿಗೆ ಬೀಗದ ಮುಚ್ಚಳ, ಯಾಕಂದರೆ ತೆವಳುವ ಕೂಸಿಗೆ ಒಂದು ಬಕೀಟು ನೀರೂ ಬಾವಿಯೇ. ಒಲಿ, ಗ್ಯಾಸು ಬೇರೆ ಖೋಲಿಯಲ್ಲಿ, ಮಕ್ಕಳ ಖೋಲಿಗೆ ಎರಡು ಬಾಗಿಲು. ಕೂಸನ್ನು ಯಾರು ತಂದರು, ಯಾರು ಒಯ್ದರು ಅಂತ ದಿನಾಲೂ ಬರೆದು ಸಹಿ ಮಾಡಿಸುವ ಪುಸ್ತಕ. ಯಾವ ತಾಯಿ ಯಾವ ಹೊತ್ತಿನಲ್ಲಿ ಬಂದು ಇಣುಕಿದರೂ ತೆರೆದಿರುವ ಬಾಗಿಲು.

ಐದನೆಯದೂ ಒಂದಿದೆ, ಅದನ್ನು ನುಂಗಿಕೊಂಡರೆ ಈ ಬರಹ ಸುಳ್ಳಾಗುತ್ತದೆ. ಖೋಲಿ ಒಂದೇ ಇರಬೇಕು, ಸಾಲು ಒಂದೇ ಇರಬೇಕು. ಯಾವ ಕೇರಿಯ ಹೆಂಗಸು ಅನ್ನ ಕಲಸಿದಳು ಅಂತ ಕೇಳುವವರು ತಮ್ಮ ಕೂಸನ್ನು ಮನೆಯಲ್ಲೇ ಇಟ್ಟುಕೊಳ್ಳಲಿ. ಬಸವಣ್ಣನ ಜಯಂತಿಗೆ ಮೆರವಣಿಗೆ ತೆಗೆಯುವ ಊರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಇನ್ನು ರೊಕ್ಕ. ಲೆಕ್ಕ ಮಾಡೋಣ. ಹತ್ತು ಕೂಸು, ಇಬ್ಬರು ಹೆಂಗಸರು. ಒಬ್ಬೊಬ್ಬರಿಗೆ ತಿಂಗಳಿಗೆ ಆರು ಸಾವಿರ ಅಂದರೂ ಹನ್ನೆರಡು ಸಾವಿರ. ಇದು ಕಡಿಮೆಯೇ, ಆದರೆ ಸೇವೆ ಅನ್ನುವ ಹೆಸರಿನಲ್ಲಿ ಹೆಂಗಸರನ್ನು ಪುಗಸಟ್ಟೆ ದುಡಿಸುವುದಕ್ಕಿಂತ ನೆಟ್ಟಗಿದೆ. ತಾಯಂದಿರು ದಿನಕ್ಕೆ ಹತ್ತು ರೂಪಾಯಿ ಕೊಟ್ಟರೆ ಇಪ್ಪತ್ತೈದು ದಿನಕ್ಕೆ ಎರಡೂವರೆ ಸಾವಿರ. ಉಳಿದದ್ದು ತಿಂಗಳಿಗೆ ಒಂಬತ್ತೂವರೆ ಸಾವಿರ, ವರ್ಷಕ್ಕೆ ಒಂದು ಲಕ್ಷ ಹದಿನಾಲ್ಕು ಸಾವಿರ. ಎಲ್ಲಿಂದ ತರಬೇಕು?

ಮಹಾರಾಷ್ಟ್ರದಲ್ಲಿ ಗ್ರಾಮ ಪಂಚಾಯತಿ ತನ್ನ ಸ್ವಂತ ಉತ್ಪನ್ನದ ಶೇ. 10ರಷ್ಟು ಹೆಂಗಸರ ಮತ್ತು ಮಕ್ಕಳ ಕಲ್ಯಾಣಕ್ಕೆ ಖರ್ಚು ಮಾಡಲೇಬೇಕು. ಘರಪಟ್ಟಿ, ಪಾಣಿಪಟ್ಟಿ, ಬಜಾರದ ವಸೂಲಿ ಎಲ್ಲದರೊಳಗೆ ಹತ್ತರಲ್ಲೊಂದು ಪಾಲು ಈ ಕೂಸುಗಳದು. ನಿಮ್ಮ ಊರಿನಲ್ಲಿ ಕಳೆದ ವರ್ಷ ಆ ಪಾಲು ಯಾವುದಕ್ಕೆ ಹೋಯಿತು? ಗ್ರಾಮಸೇವಕರನ್ನು ಕೇಳಿರಿ, ಲೆಕ್ಕದ ಪುಸ್ತಕ ನೋಡುವ ಹಕ್ಕು ನಿಮಗಿದೆ. ಹಲವು ಊರುಗಳಲ್ಲಿ ಅದು ಸಣ್ಣಪುಟ್ಟ ವಸ್ತು ಹಂಚಿ ಫೋಟೊ ತೆಗೆಸಿ ಮುಗಿಯುತ್ತದೆ. ಸಣ್ಣ ಪಂಚಾಯತಿಗೆ ಈ ಪಾಲೊಂದೇ ಸಾಲದು, ನಿಜ. ಅಂಥ ಕಡೆ ಪಾಲನಾ ಯೋಜನೆಗಾಗಿ ಬಾಲವಿಕಾಸ ಪ್ರಕಲ್ಪ ಅಧಿಕಾರಿಗೆ ಠರಾವಿನ ಜೋಡಿ ಅರ್ಜಿ ಹೋಗಬೇಕು. ಜಾತ್ರೆಗೆ ವರ್ಗಣಿ ಎತ್ತುವ ಊರು ಎರಡು ಚೀಲ ಜ್ವಾಳ ಕೂಸುಗಳಿಗೆ ಎತ್ತಲಾರದೇ?

ಕಟ್ಟಡ ಇಲ್ಲ ಅಂತ ಕೂಡುವುದೂ ಬೇಡ. 1969ರಲ್ಲಿ ದಿಲ್ಲಿಯಲ್ಲಿ ಗಾಂಧೀ ಜನ್ಮಶತಾಬ್ದಿಯ ಪ್ರದರ್ಶನಕ್ಕೆ ಕಟ್ಟಡ ಏಳುತ್ತಿದ್ದಾಗ ಕೂಲಿಗಳ ಕೂಸುಗಳು ಮಣ್ಣಲ್ಲಿ ಬಿದ್ದದ್ದನ್ನು ಕಂಡ ಮೀರಾ ಮಹಾದೇವನ್ ಒಂದು ತಂಬುವಿನಲ್ಲಿ ಕೆಲಸ ಸುರು ಮಾಡಿದರು. ಅದೇ ಮುಂದೆ ಮೊಬೈಲ್ ಕ್ರೆಶಸ್ ಅನ್ನೋ ದೊಡ್ಡ ಸಂಸ್ಥೆ ಆಯಿತು.

"ಅಜ್ಜಿ ಇರತಾಳಲ್ರಿ ಮನ್ಯಾಗ" ಅನ್ನುವ ಗಂಡಸರಿಗೆ ಒಂದು ಮಾತು. ಯಾವ ಅಜ್ಜಿ? ನಮ್ಮ ಊರಿನ ಅಜ್ಜಿಯರೂ ಅದೇ ಜೀಪಿನಲ್ಲಿ ಇದ್ದಾರೆ, ನೋಡಿರಿ. "ಹೆಂಗಸರು ಮನ್ಯಾಗ ಇರಬೇಕು" ಅನ್ನುವವರಿಗೆ ಇನ್ನೊಂದು ಮಾತು. ಅವಳ ಕೂಲಿ ನಿಂತ ವಾರ ನಿಮ್ಮ ಮನೆಯ ಕಿರಾಣಿ ಉದ್ರಿ ಎಷ್ಟಾಯಿತು ಅಂತ ಲೆಕ್ಕ ಮಾಡಿ ಆಮೇಲೆ ಮಾತಾಡಿರಿ.

ಶಿಕ್ಷಕ ಬಂಧುಗಳಿಗೂ ಒಂದು ಮಾತು, ಇದರಲ್ಲಿ ನನ್ನ ತಪ್ಪೂ ಸೇರಿದೆ. ಕೂಸು ಎತ್ತಿಕೊಂಡು ಶಾಲೆಗೆ ಬಂದ ಹುಡುಗಿಯನ್ನು ನಾವು ಎಷ್ಟೋ ಸಲ ಬಾಗಿಲಲ್ಲೇ ತಿರುಗಿಸಿದ್ದೇವೆ. ಕೂಸು ಅಳುತ್ತದೆ, ವರ್ಗ ಕೆಡುತ್ತದೆ ಅಂತ. ಅವಳು ಕೂಸು ಬಿಟ್ಟು ಬರಲಾರಳು, ಆದರೂ ಶಾಲೆ ಬಿಡಲು ಮನಸ್ಸಿಲ್ಲದೆ ಬಂದವಳು. ಅಂಥವಳಿಗಿಂತ ದೊಡ್ಡ ವಿದ್ಯಾರ್ಥಿ ಯಾರಿದ್ದಾರೆ? 2009ರ ಶಿಕ್ಷಣ ಹಕ್ಕಿನ ಕಾಯಿದೆಯ 11ನೇ ಕಲಮು ಆರು ವರ್ಷದ ತನಕದ ಮಕ್ಕಳ ಪಾಲನೆ, ಶಿಕ್ಷಣಕ್ಕೆ ಸರಕಾರ ವ್ಯವಸ್ಥೆ "ಮಾಡಬಹುದು" ಅನ್ನುತ್ತದೆ, "ಮಾಡಬೇಕು" ಅನ್ನುವುದಿಲ್ಲ. ಆರರ ಮೇಲಿನ ಅಕ್ಕನಿಗೆ ಶಿಕ್ಷಣ ಮೂಲಭೂತ ಹಕ್ಕು, ಆರರ ಕೆಳಗಿನ ತಮ್ಮನಿಗೆ ಬರೀ "ಬಹುದು". ತಮ್ಮನ ಆ "ಬಹುದು" ಅಕ್ಕನ ಹಕ್ಕನ್ನೂ ತಿಂದುಹಾಕುತ್ತದೆ. ಇನ್ನು ಮುಂದೆ ಗೈರು ಅಂತ ಬರೆಯುವಾಗ ಬದಿಗೆ ಕಾರಣವನ್ನೂ ಬರೆಯಿರಿ: ಕೂಸು. ತಿಂಗಳ ಕೊನೆಗೆ ಎಣಿಸಿರಿ. ಆ ಸಂಖ್ಯೆಯನ್ನು ಶಾಲಾ ವ್ಯವಸ್ಥಾಪನ ಸಮಿತಿಯ ಮುಂದೆ ಇಡಿರಿ, ಸರ್ಪಂಚರ ಮುಂದೆ ಇಡಿರಿ. ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಗಳ ಪಟ ಕಡಿಮೆಯಾಗುತ್ತಿದೆ ಅಂತ ಸಭೆ ಮಾಡಿ ಅಳುತ್ತೇವೆ. ಪಟದಲ್ಲಿ ಇದ್ದೂ ಕಟ್ಟೆಯ ಮೇಲೆ ಕೂತ ಈ ಹುಡುಗಿಯರನ್ನು ಒಳಗೆ ಕರೆಯುವುದು ಕನ್ನಡದ ಕೆಲಸ ಅಲ್ಲವೇ?

ಕೊನೆಗೆ ನಮ್ಮ ಮನೆಯ ಮಾತು. ಈ ಪುಸ್ತಕ ಅಚ್ಚು ಹಾಕಿಸಿದ ವಾಚನಾಲಯದ ಹಿಂದೆ ಒಂದು ಖೋಲಿ ಇದೆ. ಹಳೇ ಪೇಪರಿನ ಗಂಟು, ಮುರಿದ ಖುರ್ಚಿ, ಗಣಪತಿ ಮಂಟಪದ ಬಿದಿರು ಅದರಲ್ಲಿವೆ. ಟೇಪು ಹಿಡಿದು ಅಳೆದೆ. ಹದಿನಾಲ್ಕು ಅಡಿ ಉದ್ದ, ಹನ್ನೆರಡು ಅಡಿ ಅಗಲ, 168 ಚದರ ಅಡಿ. ಒಂದು ಕೂಸಿಗೆ ಹನ್ನೆರಡರಂತೆ ಹದಿನಾಲ್ಕು ಕೂಸು ಹಿಡಿಸುತ್ತವೆ. ನೆಲಮಟ್ಟದಲ್ಲಿದೆ. ಬಾಗಿಲು ಒಂದೇ ಇದೆ, ಎರಡನೆಯದನ್ನು ಒಡೆಯಬೇಕು. ಬಚ್ಚಲು, ಸಂಡಾಸು ಕಟ್ಟಬೇಕು. ಉಳಿದದ್ದೆಲ್ಲ ಆಗುವ ಮಾತು.

ಗ್ರಾಮಸಭೆಗೆ ಮುಂಚೆ ಮಹಿಳಾ ಗ್ರಾಮಸಭೆ ಆಗಬೇಕು ಅಂತ ನಿಯಮವೇ ಇದೆ. ಕಾಗದದ ಮೇಲೆ ಸಹಿ ತೆಗೆದುಕೊಂಡು ಮುಗಿಸುವ ಸಭೆ ಅಲ್ಲ, ನಿಜವಾಗಿ ಕೂತು ಮಾತಾಡುವ ಸಭೆ. ಅವ್ವಂದಿರೇ, ಅಕ್ಕಂದಿರೇ, ಈ ಸಲ ಅಲ್ಲಿ ಎರಡು ಠರಾವು ಬರೆಸಿರಿ. ಒಂದು, ಶೇ. 10ರ ಪಾಲು ಪಾಳಣಾಘರಕ್ಕೆ. ಎರಡು, ಪಾಲನಾ ಯೋಜನೆಗೆ ಅರ್ಜಿ. ವಾಚನಾಲಯದ ಸಮಿತಿ ಹಿಂದಿನ ಖೋಲಿಯ ಕೀಲಿ ಕೊಡಬೇಕು ಅನ್ನುವ ಠರಾವನ್ನು ನಾನು ಸಮಿತಿಯಲ್ಲಿ ತರುತ್ತೇನೆ. ವಿರೋಧ ಮಾಡುವವರು ಬರಲಿ, ಆದರೆ ಬರುವ ಮುಂಚೆ ಒಂದು ಸಲ ಮಧ್ಯಾಹ್ನ ಹನ್ನೆರಡಕ್ಕೆ ಊರೊಳಗೆ ಸುತ್ತಿ, ಕಟ್ಟೆಗಳ ಮೇಲೆ ಕೂಸು ಹೊತ್ತು ಕೂತ ಹುಡುಗಿಯರನ್ನು ಎಣಿಸಿಕೊಂಡು ಬರಲಿ.